ಅಳಿವಿನಂಚಿನ ಪ್ರಾಣಿಗಳೂ ಅತ್ತಾಪುರದ ಸಂಶೋಧನೆಯೂ

ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ಅಂಗವಾಗಿ ಅತ್ತಾಪುರದಲ್ಲಿರುವ ಲ್ಯಾಕೋನ್ಸ್ ಪ್ರಯೋಗಾಲಯವು ವಿಜ್ಞಾನಿ ಲಾಲ್ಜಿ ಸಿಂಗ್ ಅವರ ಸಂಕಲ್ಪದ ಫಲ. ಅಳಿವಿನಂಚಿನಲ್ಲಿರುವ ಪ್ರಾಣಿಗಳ ಸಂರಕ್ಷಣೆಗೆಂದೇ ಮೀಸಲಾದ ಈ ಸಂಸ್ಥೆ 2007ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾಯಿತು. ಇದರ ಕಾರ್ಯದಲ್ಲಿ ಜನರ ಗಮನವನ್ನು ಮೊದಲು ಸೆಳೆದುದು 2006ರಲ್ಲಿ ಕೃತಕ ಗರ್ಭಧಾರಣೆಯಿಂದ ಜನಿಸಿದ ಚುಕ್ಕೆ ಜಿಂಕೆಯ ಮರಿ. ಮರುವರ್ಷ ಕೃಷ್ಣಮೃಗದ ಮರಿ. ಇವು ಕೌಶಲದ ನಿದರ್ಶನಗಳೆಂಬುದು ನಿರ್ವಿವಾದ. ಆದರೆ ಚುಕ್ಕೆ ಜಿಂಕೆ ಬಂಡೀಪುರದ ಹಾದಿಯಲ್ಲಿ ಹೋದವರಿಗೆಲ್ಲ ಕಾಣಸಿಗುವ ಪ್ರಾಣಿ. ಅದರ ಸಂತತಿ ಪ್ರಯೋಗಾಲಯವನ್ನು ನೆಚ್ಚಿಕೊಂಡಿಲ್ಲ. ಅಪೂರ್ವ ಜೀವಿಗಳನ್ನು ಮುಟ್ಟುವ ಮೊದಲು ಸುಲಭವಾಗಿ ದೊರೆಯುವುದರ ಮೇಲೆ ಕೈ ಪಳಗಿಸಿಕೊಳ್ಳುವುದು ಯುಕ್ತವೇ. ತಾಲೀಮನ್ನೇ ಪ್ರದರ್ಶನವೆಂದು ಕೊಂಡಾಡುವುದು ಮಾತ್ರ ಯುಕ್ತವಲ್ಲ.

ಇದಕ್ಕಿಂತ ಗಟ್ಟಿಯಾದ ಕೆಲಸ ಎರಡುಂಟು. ಒಂದು, 2003ರಲ್ಲಿ ವರ್ಮಾ ಮತ್ತು ಸಿಂಗ್ ಪ್ರಕಟಿಸಿದ ಗುರುತಿನ ವಿಧಾನ. ಮಾಂಸದ ತುಣುಕೊಂದು ಯಾವ ಪ್ರಾಣಿಯದೆಂಬುದನ್ನು ಅದರ ಡಿ.ಎನ್.ಎ.ಯಿಂದ ನಿರ್ಣಯಿಸುವ ಈ ಉಪಾಯ, ಕಳ್ಳಬೇಟೆಯ ಮೊಕದ್ದಮೆಗಳಲ್ಲಿ ಬಾಯಿಮಾತಿನ ಸಾಕ್ಷ್ಯಕ್ಕೆ ಇಲ್ಲದ ಬಲವನ್ನು ಒದಗಿಸಿತು.

ಇನ್ನೊಂದು, ಮೂಷಿಕ ಜಿಂಕೆಯ ಪಾಲನೆ. ಮೊಲದ ಗಾತ್ರದ, ಕೊಂಬಿಲ್ಲದ, ಇರುಳಲ್ಲಿ ಸಂಚರಿಸುವ ಈ ಸಂಕೋಚದ ಪ್ರಾಣಿಯನ್ನು ನೆಹರೂ ಮೃಗಾಲಯದೊಡನೆ ಸೇರಿ 2010ರಿಂದ ಬೆಳೆಸಲಾಯಿತು. ಆರಂಭದಲ್ಲಿ ಇದ್ದುವು ಆರೇ ಪ್ರಾಣಿಗಳು. ಸೂಜಿ ಸೀಸೆಗಳ ಚಮತ್ಕಾರ ಇಲ್ಲಿ ಪ್ರಧಾನವಲ್ಲ. ತಕ್ಕ ಆವರಣ, ತಕ್ಕ ಮೇವು, ಹಿಕ್ಕೆಯಲ್ಲಿನ ಹಾರ್ಮೋನುಗಳ ಪರೀಕ್ಷೆ, ಬಹುಕಾಲದ ತಾಳ್ಮೆ. 2017ರಲ್ಲಿ ಕೆಲವನ್ನು ನಲ್ಲಮಲೆಯ ಅಮ್ರಾಬಾದ್ ಅರಣ್ಯಕ್ಕೆ ಬಿಡಲಾಯಿತು. ಸದ್ದಿಲ್ಲದ ಈ ಕೆಲಸವೇ ಸಂಸ್ಥೆಯ ಹೆಸರಿಗೆ ಹೆಚ್ಚು ಒಪ್ಪುವಂತಹುದು.

ಆದರೂ ಬಿಟ್ಟುವೆಷ್ಟು ಎಂಬುದು ಅರ್ಧ ಉತ್ತರ. ಉಳಿದುವೆಷ್ಟು, ಕಾಡಿನಲ್ಲಿಯೇ ಹುಟ್ಟಿದುವೆಷ್ಟು ಎಂಬುದು ಉಳಿದರ್ಧ. ಎಣಿಕೆಯಲ್ಲಿ ತಪ್ಪಿದರೆ ಏನಾಗುವುದೆಂಬುದಕ್ಕೆ ಹುಲಿಯೇ ಸಾಕ್ಷಿ. ಹೆಜ್ಜೆಗುರುತುಗಳನ್ನು ಗಾಜಿನ ಮೇಲೆ ಬರೆದುಕೊಂಡು ಒಂದೊಂದು ಹುಲಿಯನ್ನೂ ಎಣಿಸಿದೆವೆಂದು ಸರಕಾರವು ದಶಕಗಳ ಕಾಲ ನಂಬಿತ್ತು. ಶಿವರಾಮ ಕಾರಂತರ ಪುತ್ರ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನಿರಿಸಿ, ಮೈಪಟ್ಟೆಗಳಿಂದ ಹುಲಿಗಳನ್ನು ಗುರುತಿಸಿ, ಮರಳಿ ಮರಳಿ ಸಿಕ್ಕವುಗಳ ಪ್ರಮಾಣದಿಂದ ಕಾಣದೆ ಉಳಿದವುಗಳನ್ನೂ ಅಂದಾಜು ಮಾಡುವ ಕ್ರಮವನ್ನು 1995ರಲ್ಲಿ ಪ್ರಕಟಿಸಿದರು. 2003ರಲ್ಲಿ ಅವರೂ ಸಹೋದ್ಯೋಗಿಗಳೂ ಹಳೆಯ ಪದ್ಧತಿಯ ದೋಷಗಳನ್ನು ನೇರವಾಗಿ ಎತ್ತಿ ತೋರಿದರು. ಎರಡೇ ವರ್ಷದಲ್ಲಿ, ಕಡತದಲ್ಲಿ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ ಒಂದು ಹುಲಿಯೂ ಇಲ್ಲವೆಂಬುದು ಬಯಲಾಯಿತು!

ಮೂಷಿಕ ಜಿಂಕೆಗೆ ಹುಲಿಯ ಪಟ್ಟೆಗಳಿಲ್ಲ, ದಟ್ಟ ಪೊದೆಯಲ್ಲಿ ಅದರ ದರ್ಶನವೇ ದುರ್ಲಭ. ಆದರೆ ಹಿಕ್ಕೆ ದೊರೆಯಬಹುದು. ಹುಲಿಯ ಮಲದಲ್ಲಿನ ಡಿ.ಎನ್.ಎ.ಯಿಂದ ಮಾಡಿದ ಗಣನೆಯನ್ನು ಬಂಡೀಪುರದಲ್ಲಿ ಕ್ಯಾಮೆರಾದ ಗಣನೆಯೊಡನೆ ಹೋಲಿಸಿ ನೋಡಿದ ಅಧ್ಯಯನ 2009ರಲ್ಲಿಯೇ ಪ್ರಕಟವಾಗಿದೆ. ಗುರುತಿಸುವ ವಿದ್ಯೆ ಅತ್ತಾಪುರಕ್ಕೆ ಮೊದಲಿನಿಂದಲೂ ಕರಗತ; ಅದನ್ನು ಅಮ್ರಾಬಾದಿನ ಪೊದೆಗಳವರೆಗೆ ಒಯ್ಯುವುದು, ಇನ್ನೊಂದು ಮರಿಯ ಕೃತಕ ಜನನಕ್ಕಿಂತ ಮೊದಲು ಆಗಬೇಕಾದ ಕೆಲಸ.