ಶಾಸನೋಕ್ತ ಸ್ಥಳನಾಮಗಳ ನಿರ್ಣಯ: ಕೊಪ್ಪಂ ಒಂದು ನಿದರ್ಶನ

ಶಾಸನಗಳಲ್ಲಿ ಬರುವ ಊರುಗಳನ್ನು ಇಂದಿನ ಊರುಗಳೊಡನೆ ಹೊಂದಿಸುವ ಕಾರ್ಯ ನಮ್ಮಲ್ಲಿ ಫ್ಲೀಟ್, ರೈಸ್ ಮೊದಲಾದವರ ಕಾಲದಿಂದಲೂ ನಡೆದುಬಂದಿದೆ. ಅವರ ಕಾಲದಲ್ಲಿ ಅದು ಬಹುಮಟ್ಟಿಗೆ ಟಿಪ್ಪಣಿಯ ವಿಷಯವಾಗಿತ್ತು; ಒಪ್ಪದ ಓದುಗನು ಟಿಪ್ಪಣಿಯನ್ನು ಬದಿಗಿಟ್ಟು ಮೂಲಪಾಠಕ್ಕೆ ಹಿಂತಿರುಗಬಹುದಾಗಿತ್ತು. ಈಚೆಗೆ ಇದೇ ಕಾರ್ಯವನ್ನು ಗಣಕಯಂತ್ರದ ನೆರವಿನಿಂದ ಜ್ಞಾನಜಾಲವೆಂಬ ರೂಪದಲ್ಲಿ ಕೈಗೊಳ್ಳುತ್ತಿದ್ದಾರೆ. ಊರು, ಅರಸ, ಯುದ್ಧ, ಶಾಸನ ಇವುಗಳಲ್ಲಿ ಒಂದೊಂದಕ್ಕೂ ಪ್ರತ್ಯೇಕವಾದ ಗುರುತನ್ನು ಕೊಟ್ಟು, ಅವುಗಳ ನಡುವಣ ಸಂಬಂಧಗಳನ್ನು ಗೆರೆಗಳಂತೆ ಜೋಡಿಸಿದಾಗ ಉಂಟಾಗುವ ಬಲೆಯೇ ಜ್ಞಾನಜಾಲ. 2012ರಲ್ಲಿ ಆರಂಭವಾದ ವಿಕಿಡೇಟಾ ಇದಕ್ಕೆ ಪರಿಚಿತವಾದ ಉದಾಹರಣೆ. ಇದರ ಪ್ರಯೋಜನವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಟಿಪ್ಪಣಿಯಲ್ಲಿ ಊಹೆಯಾಗಿದ್ದುದು ಜಾಲದ ಗೆರೆಯಾದೊಡನೆ ಸಿದ್ಧಾಂತದ ವೇಷ ಧರಿಸುತ್ತದೆ. ಆಕ್ಷೇಪಣೆ ಇರುವುದು ಇಲ್ಲಿ.

ಒಂದೇ ಹೆಸರಿನ ಹಲವು ಊರುಗಳಿಂದಾಗುವ ಗೊಂದಲ ಅಷ್ಟೇನೂ ಕಠಿಣವಾದುದಲ್ಲ. ಸಿದ್ದಾಪುರವೆಂಬ ಊರು ಉತ್ತರ ಕನ್ನಡದಲ್ಲಿ ಉಂಟು, ಕೊಡಗಿನಲ್ಲಿ ಉಂಟು. 1892ರಲ್ಲಿ ರೈಸರು ಅಶೋಕನ ಶಾಸನವನ್ನು ಕಂಡುಹಿಡಿದ ಸಿದ್ದಾಪುರ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನದು. ನನ್ನ ವಿದ್ಯಾರ್ಥಿಯೊಬ್ಬನು ಗಣಕಯಂತ್ರವು ತೋರಿಸಿದ ಮೊದಲ ಸಿದ್ದಾಪುರವನ್ನೇ ನಂಬಿ ಮೌರ್ಯ ಚಕ್ರವರ್ತಿಯ ಆಜ್ಞೆಯನ್ನು ಕೊಡಗಿನ ಕಾಫಿ ತೋಟಗಳ ನಡುವೆ ನೆಲೆಗೊಳಿಸಿದ್ದನು. ನಕ್ಕು ತಿದ್ದಿದೆವು. ತಾಲ್ಲೂಕು, ಜಿಲ್ಲೆಗಳನ್ನು ಜೊತೆಗೆ ನಮೂದಿಸಿದರೆ ಇಂಥ ದೋಷ ನಿವಾರಣೆಯಾಗುತ್ತದೆ. ವಿದ್ವಾಂಸರೇ ಭಿನ್ನಾಭಿಪ್ರಾಯ ತಳೆದಿರುವ ಕಡೆ ಮಾತ್ರ ಇಷ್ಟು ಸುಲಭವಾಗಿ ಪಾರಾಗಲಾಗದು.

ಕೊಪ್ಪಂ ಯುದ್ಧವನ್ನು ತೆಗೆದುಕೊಳ್ಳೋಣ. 1054ರಲ್ಲಿ ಕಲ್ಯಾಣ ಚಾಲುಕ್ಯ ಒಂದನೆಯ ಸೋಮೇಶ್ವರನಿಗೂ ಚೋಳರಿಗೂ ನಡೆದ ಈ ಕಾಳಗದಲ್ಲಿ ರಾಜಾಧಿರಾಜ ಚೋಳನು ಮಡಿದನು. ಅವನ ತಮ್ಮ ಇಮ್ಮಡಿ ರಾಜೇಂದ್ರನು ಸೈನ್ಯವನ್ನು ಮತ್ತೆ ಒಗ್ಗೂಡಿಸಿ ಗೆದ್ದನೆಂದು ಚೋಳ ಶಾಸನಗಳು ಹೇಳುತ್ತವೆ. ಅವುಗಳ ಪ್ರಕಾರ ಕೊಪ್ಪಂ ಇರುವುದು ಪೇರಾರಿನ ದಡದಲ್ಲಿ, ಎಂದರೆ ಹಿರಿಯ ಹೊಳೆಯ ದಡದಲ್ಲಿ. ಫ್ಲೀಟರು ಆ ಹೊಳೆಯನ್ನು ಕೃಷ್ಣೆಯೆಂದೂ ಕೊಪ್ಪಂ ಅನ್ನು ಕೊಲ್ಲಾಪುರ ಜಿಲ್ಲೆಯ ಖಿದ್ರಾಪುರವೆಂದೂ ಗುರುತಿಸಿದರು. ಅಲ್ಲಿಯ ದೇವರು ಕೋಪೇಶ್ವರ. ರಾಜೇಂದ್ರನು ಕೊಲ್ಲಾಪುರದಲ್ಲಿ ಜಯಸ್ತಂಭ ನೆಡಿಸಿದನೆಂಬ ಶಾಸನೋಕ್ತಿ ಈ ಮತಕ್ಕೆ ಪೋಷಕವಾಗಿದೆ. ಆದರೆ ಗೆದ್ದವನು ಸ್ತಂಭವನ್ನು ರಣಭೂಮಿಯ ಸಮೀಪದಲ್ಲಿಯೇ ನೆಡಬೇಕೆಂಬ ನಿಯಮವೇನೂ ಇಲ್ಲ.

ಇನ್ನೊಂದು ಮತದಂತೆ ಕೊಪ್ಪಂ ಎಂದರೆ ಇಂದಿನ ಕೊಪ್ಪಳ. ಕೊಪ್ಪಳವು ಕವಿರಾಜಮಾರ್ಗದಲ್ಲಿಯೂ ಬರುವ ಕೊಪಣವೆಂಬುದು ದೃಢವಾದ ಸಂಗತಿ. ಅಲ್ಲಿಯ ಶಾಸನಗಳೇ ಆ ಹೆಸರನ್ನು ಹೇಳುತ್ತವೆ. ಆ ಸೀಮೆಯಲ್ಲಿ ಹರಿಯುವ ಹಳ್ಳಕ್ಕೆ ಹಿರೇಹಳ್ಳವೆಂದೇ ಹೆಸರು. ಪೇರಾರಿಗೂ ಇದಕ್ಕೂ ಅರ್ಥ ಸಮೀಪವಾಗಿಯೇ ಇದೆ. ಅದಕ್ಕಿಂತ ಮುಖ್ಯವಾದುದು 1071-72ರ ಗಾವರವಾಡದ ಶಾಸನ. ಚೋಳನು ಬೆಳ್ವೊಲ ನಾಡಿಗೆ ನುಗ್ಗಿ ಬಸದಿಗಳನ್ನು ಸುಡಿಸಿದನೆಂದೂ, ಕಡೆಗೆ ಸೋಮೇಶ್ವರನಿಗೆ ತಲೆಯೊಪ್ಪಿಸಿದನೆಂದೂ ಅದು ತಿಳಿಸುತ್ತದೆ. ಅಣ್ಣಿಗೇರಿ, ಗದಗುಗಳ ಸುತ್ತಣ ಬೆಳ್ವೊಲ ಕೊಪ್ಪಳಕ್ಕೆ ಸಮೀಪ, ಖಿದ್ರಾಪುರಕ್ಕೆ ದೂರ. ನನಗೆ ಈ ಎರಡನೆಯ ಮತವೇ ಹೆಚ್ಚು ಬಲವಾದುದಾಗಿ ತೋರುತ್ತದೆ. ಹಾಗೆಂದು ಕೊಪಣವೇ ಕೊಪ್ಪಳವೆಂಬ ನಿರ್ಣಯಕ್ಕಿರುವ ದಾರ್ಢ್ಯವು ಕೊಪ್ಪಂ ಎಂಬುದೇ ಕೊಪಣವೆಂಬ ಊಹೆಗೆ ತಾನಾಗಿ ಬಂದುಬಿಡುವುದಿಲ್ಲ. ಕೊಪ್ಪ, ಕೊಪ್ಪಲು ಎಂಬ ಹೆಸರಿನ ಊರುಗಳು ಮಲೆನಾಡಿನಿಂದ ಮೈಸೂರು ಸೀಮೆಯವರೆಗೆ ಲೆಕ್ಕವಿಲ್ಲದಷ್ಟಿವೆ.

ಈಗ ಜಾಲಕ್ಕೆ ಬರೋಣ. ಒಬ್ಬರು ಕೊಪ್ಪಂ ಮತ್ತು ಖಿದ್ರಾಪುರ ಒಂದೇ ಎಂದು ದಾಖಲಿಸುತ್ತಾರೆ. ಮತ್ತೊಬ್ಬರು ಬೇರೊಂದು ಗ್ರಂಥದ ಆಧಾರದಿಂದ ಕೊಪ್ಪಂ ಮತ್ತು ಕೊಪ್ಪಳ ಒಂದೇ ಎಂದು ಸೇರಿಸುತ್ತಾರೆ. ಅಭಿನ್ನತೆಯ ಸಂಬಂಧ ತರ್ಕಶಾಸ್ತ್ರದಲ್ಲಿ ಒಂದರಿಂದ ಇನ್ನೊಂದಕ್ಕೆ ಸಾಗುವಂಥದು. ಆದುದರಿಂದ ಯಂತ್ರವು ಪ್ರಾಮಾಣಿಕವಾಗಿಯೇ ಖಿದ್ರಾಪುರ ಮತ್ತು ಕೊಪ್ಪಳ ಒಂದೇ ಎಂಬ ಮೂರನೆಯ ನಿರ್ಣಯವನ್ನು ಹೊರಡಿಸುತ್ತದೆ. ಇವೆರಡರ ನಡುವೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ಅಂತರವಿದೆ! ಈ ವಿರೋಧ ಕಂಡುಬಂದಾಗ ಒಂದು ಗೆರೆಯನ್ನು ಅಳಿಸಿ ಜಾಲವನ್ನು ಶುದ್ಧಿಗೊಳಿಸುವುದು ಸುಲಭ. ಆಗ ಅಳಿಸಿಹೋಗುವುದು ತಪ್ಪಲ್ಲ, ಒಂದು ವಾದ. ಉಳಿದ ಗೆರೆಯನ್ನು ನೋಡಿ ಭೂಪಟ ಬರೆಯುವವನಿಗೆ ಅಲ್ಲೊಂದು ವಿವಾದವಿತ್ತೆಂಬುದೇ ತಿಳಿಯದು. ಆ ಭೂಪಟ ಪಠ್ಯಪುಸ್ತಕಕ್ಕೆ ಹೋದರೆ ನಮ್ಮ ವಿದ್ಯಾರ್ಥಿಗಳೂ ಅದನ್ನೇ ಕಲಿಯುತ್ತಾರೆ.

ದೋಷ ಯಂತ್ರದ್ದಲ್ಲ. ಶಾಸನದಲ್ಲಿ ಕೆತ್ತಿದ ಹೆಸರು, ನೆಲದ ಮೇಲಣ ಊರು, ಇವೆರಡನ್ನೂ ಕೂಡಿಸಿದ ವಿದ್ವಾಂಸನ ಅಭಿಪ್ರಾಯ ಎಂಬ ಮೂರು ಬೇರೆ ವಸ್ತುಗಳನ್ನು ನಾವು ಒಂದಾಗಿ ಬೆರೆಸಿದುದೇ ಮೂಲದೋಷ. ಪ್ರಾಚೀನ ಮೆಡಿಟರೇನಿಯನ್ ಜಗತ್ತಿನ ಸ್ಥಳಗಳಿಗಾಗಿ ರಚಿತವಾದ ಪ್ಲೆಯಾಡಿಸ್ ಕೋಶದಲ್ಲಿ ಸ್ಥಳ, ಹೆಸರು, ನೆಲೆ ಎಂಬವನ್ನು ಪ್ರತ್ಯೇಕವಾಗಿರಿಸಿದ್ದಾರೆ. ನೆಲೆ ಗೊತ್ತಾಗದ ಸ್ಥಳಕ್ಕೂ ಅಲ್ಲಿ ಎಡೆಯುಂಟು. ವಿಕಿಡೇಟಾದಲ್ಲಿಯೂ ಒಂದೊಂದು ಹೇಳಿಕೆಗೆ ಆಧಾರವನ್ನು ಲಗತ್ತಿಸುವ ಅನುಕೂಲವಿದೆ, ಪರಸ್ಪರ ವಿರುದ್ಧವಾದ ಹೇಳಿಕೆಗಳು ಜೊತೆಯಲ್ಲಿರಲೂಬಹುದು. ಅನುಕೂಲವನ್ನು ಬಳಸುವ ತಾಳ್ಮೆ ಮಾತ್ರ ನಮ್ಮದಾಗಬೇಕು. ಸಾವಿರಾರು ಹೆಸರುಗಳಿರುವಾಗ ಇಷ್ಟು ಶ್ರಮ ಸಾಧ್ಯವೇ ಎಂದು ಕೇಳುವವರಿದ್ದಾರೆ. ದೋರಸಮುದ್ರವೇ ಹಳೇಬೀಡು, ಪುಲಿಗೆರೆಯೇ ಲಕ್ಷ್ಮೇಶ್ವರ ಎಂಬಂಥ ನಿರ್ವಿವಾದ ಸ್ಥಳಗಳಿಗೆ ಈ ಶ್ರಮ ಅಲ್ಪ. ಅದು ಹೆಚ್ಚುವುದು ವಿವಾದವಿರುವ ಕಡೆಯಲ್ಲಿ.

ನನ್ನ ಅಭಿಪ್ರಾಯದಲ್ಲಿ ಕೊಪ್ಪಂ ಎಂಬುದಕ್ಕೆ ಕೊಪ್ಪಳದಿಂದಲೂ ಖಿದ್ರಾಪುರದಿಂದಲೂ ಬೇರೆಯಾದ, ಅಕ್ಷಾಂಶ ರೇಖಾಂಶಗಳಿಲ್ಲದ ತನ್ನದೇ ಗುರುತು ಇರಬೇಕು. ಅದರಿಂದ ಖಿದ್ರಾಪುರಕ್ಕೆ ಫ್ಲೀಟರ ಹೆಸರಿನಲ್ಲಿ ಒಂದು ಗೆರೆ, ಕೊಪ್ಪಳಕ್ಕೆ ಆ ಮತದವರ ಹೆಸರಿನಲ್ಲಿ ಮತ್ತೊಂದು. ಗಾವರವಾಡದ ಸಾಕ್ಷ್ಯ ಎರಡನೆಯದರ ಪಕ್ಕದಲ್ಲಿರಲಿ. ಪೇರಾರನ್ನು ಕೂಡ ಕೃಷ್ಣೆಯೊಡನೆಯಾಗಲಿ ಹಿರೇಹಳ್ಳದೊಡನೆಯಾಗಲಿ ಒಂದುಗೂಡಿಸದೆ ಬೇರೆಯಾಗಿಯೇ ನಮೂದಿಸತಕ್ಕದ್ದು.