ಬುತ್ತಿ ಬಿಚ್ಚುವ ಮುಂಚೆ ಒಂದು ಮಾತು

ಎಳ್ಳ ಅಮಾಸಿಯ ಚರಗದ ಊಟ ನಮ್ಮ ಯಲಬುರ್ಗಾ, ಕುಷ್ಟಗಿ ಕಡೆ ಯಾರಿಗೆ ಗೊತ್ತಿಲ್ಲ? ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಕಡುಬು, ಹೋಳಿಗಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿಗೆ ಚರಗ ಚೆಲ್ಲಿ, ಗಿಡದ ನೆರಳಿಗೆ ಕೂತು ಉಣ್ಣುತ್ತಾರೆ. ಇಂಥ ಬಯಲೂಟದ ಆಸೆ ಕಡಲು ದಾಟಿದ ಕನ್ನಡಿಗರನ್ನೂ ಬಿಟ್ಟಿಲ್ಲ. ಅಮೆರಿಕದ ಕನ್ನಡ ಕೂಟಗಳು ಅಲ್ಲಿಯ ಬೇಸಿಗೆಯಲ್ಲಿ ಉದ್ಯಾನಗಳಲ್ಲಿ ಸೇರಿ ವನಭೋಜನ ಮಾಡುತ್ತವೆ. ಬಿಸಿಬೇಳೆ ಬಾತು, ಮೊಸರನ್ನ, ಮಕ್ಕಳಿಗೆ ಲಗೋರಿ, ದೊಡ್ಡವರಿಗೆ ಹಗ್ಗ ಜಗ್ಗಾಟ.

ಇದನ್ನು ಗೇಲಿ ಮಾಡಲು ನಾವು ಹೊರಟಿಲ್ಲ. ಪರನಾಡಿಗೆ ಹೋದವರಿಗೆ ತಮ್ಮ ಮಾತು ಆಡುವ ನಾಲ್ಕು ಮಂದಿ ಬೇಕು. ಆ ಹಸಿವು ಖರೆ. ನಮ್ಮ ತಕರಾರು ಇರುವುದು ಈ ಊಟಗಳ ಬಗ್ಗೆ ಬರೆಯುವವರ ಮೇಲೆ. ಹಳ್ಳಿಯ ಚರಗವಿರಲಿ, ಪರದೇಶದ ವನಭೋಜನವಿರಲಿ, ಲೇಖನದ ಕೊನೆಗೆ ಒಂದು ಮಾತು ತಪ್ಪುವುದಿಲ್ಲ: ಎಲ್ಲರೂ ಒಂದೇ ಮನೆಯವರಂತೆ ಕೂಡಿ ಉಂಡರು ಎಂದು. ಎಲ್ಲರೂ ಅಂದ್ರ ಯಾರ್ಯಾರು? ಈ ಪ್ರಶ್ನೆಯನ್ನು ನಾವು ಕೇಳದಿದ್ದರೆ ಯಾರು ಕೇಳಬೇಕು?

ಚರಗ ಹೊಲ ಇದ್ದವರ ಹಬ್ಬ. ಹೊಲ ಇಲ್ಲದವ ಚರಗ ಎಲ್ಲಿ ಚೆಲ್ಲಬೇಕು? ಆ ಹೊಲದ ಕಸ ತೆಗೆದ ಕೇರಿಯ ಹೆಣ್ಣುಮಕ್ಕಳಿಗೆ ಹೋಳಿಗಿ ಸಿಕ್ಕರೆ ಬದುವಿನ ಆಚೆ ಸಿಗುತ್ತದೆ, ಅದೂ ಮ್ಯಾಲಿಂದ ಹಾಕಿದ್ದು. ‘ಬಾ ಯವ್ವಾ, ನಮ್ಮ ಜೋಡಿ ಕೂಡು’ ಅಂದ ಗೌಡರ ಮನಿ ಎಷ್ಟು? ಕೂಡಿ ಉಣ್ಣುವುದು ದೂರ ಉಳಿಯಿತು, ರೊಕ್ಕ ಕೊಟ್ಟು ಉಣ್ಣುವುದಕ್ಕೂ ನಮ್ಮವರು ರಕ್ತ ಸುರಿಸಿದ್ದಾರೆ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ಹಲ್ಲೆಯಾಯಿತು, ಗುಡಿಸಲಿಗೆ ಬೆಂಕಿ ಬಿತ್ತು. ಹೋಟೆಲಿಗೂ ಕ್ಷೌರದಂಗಡಿಗೂ ಬಿಟ್ಟುಕೊಳ್ಳದ ಜಗಳ ಅದರ ಬೆನ್ನಿಗಿತ್ತು. ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರಿನಲ್ಲಿ, ಹತ್ತು ವರ್ಷ ಕಳೆದ ಮೇಲೆ. ಮುಂದೆ ಹೈಕೋರ್ಟಿನಿಂದ ಬಹುಪಾಲು ಮಂದಿಗೆ ಜಾಮೀನೂ ಸಿಕ್ಕಿತು.

ಊರು ಬಿಟ್ಟರೆ ಜಾತಿ ಬಿಡುತ್ತದೆ ಎಂದು ಹೇಳುವವರಿದ್ದಾರೆ. ಬಿಟ್ಟಿದ್ದರೆ ಅಮೆರಿಕದ ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯದ ವಿರುದ್ಧ ಕಾನೂನು ಯಾಕೆ ಮಾಡಬೇಕಿತ್ತು? ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಅಂಥದೇ ಮಸೂದೆಗೆ ಅಲ್ಲಿಯ ಗವರ್ನರ್ ಸಹಿ ಹಾಕಲಿಲ್ಲ. ಅದನ್ನು ಬೇಡವೆಂದು ಎದ್ದು ನಿಂತವರಲ್ಲಿ ನಮ್ಮ ದೇಶದಿಂದ ಹೋದವರೂ ಇದ್ದರು.

ಇದು ನಮ್ಮೊಬ್ಬರ ರೋಗವೂ ಅಲ್ಲ. ನೈಜೀರಿಯಾದ ಇಗ್ಬೋ ಜನ ಹೋದಲ್ಲೆಲ್ಲ ಊರಿನ ಹೆಸರಲ್ಲಿ ಸಂಘ ಕಟ್ಟುವವರು, ಬೇಸಿಗೆಯಲ್ಲಿ ಕುಟುಂಬಗಳೆಲ್ಲ ಸೇರಿ ಉಣ್ಣುವವರು. ಅವರಲ್ಲೂ ‘ಓಸು’ ಎಂಬ ಹೊರಗಿಟ್ಟ ಜನ ಇದ್ದಾರೆ, ದೇವರಿಗೆ ಬಿಟ್ಟವರ ಪೀಳಿಗೆ. 1956ರಲ್ಲೇ ಕಾನೂನು ಆ ಪದ್ಧತಿಯನ್ನು ತೆಗೆದುಹಾಕಿತು. ಆದರೆ 1960ರಲ್ಲಿ ಬಂದ ಚಿನುವಾ ಅಚಿಬೆಯ ‘ನೋ ಲಾಂಗರ್ ಅಟ್ ಈಸ್’ ಕಾದಂಬರಿ ಓದಿ. ಊರಿನ ಸಂಘ ಹುಡುಗನಿಗೆ ಸಾಲ ಕೊಟ್ಟು ಇಂಗ್ಲೆಂಡಿಗೆ ಕಳಿಸುತ್ತದೆ, ತಿರುಗಿ ಬಂದಾಗ ಮೆರೆಸುತ್ತದೆ. ಅವನು ಓಸು ಹುಡುಗಿಯ ಕೈ ಹಿಡಿಯಲು ಹೊರಟ ಕೂಡಲೇ ಅದೇ ಸಂಘದ ಸಭೆಯಲ್ಲಿ ಅವಳ ಹುಟ್ಟಿನ ಮಾತು ಏಳುತ್ತದೆ. ಅಚಿಬೆ ತನ್ನವರ ಒಗ್ಗಟ್ಟನ್ನೂ ತೋರಿಸಿದ, ಅದು ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನೂ ತೋರಿಸಿದ. ನಮ್ಮ ಪ್ರವಾಸ ಕಥನಗಳಲ್ಲಿ, ನೆನಪಿನ ಪ್ರಬಂಧಗಳಲ್ಲಿ ಈ ಎದೆಗಾರಿಕೆ ಎಲ್ಲಿದೆ? ಬಾಬಾಸಾಹೇಬರು 1936ರಲ್ಲೇ ‘ಜಾತಿ ವಿನಾಶ’ದಲ್ಲಿ ಸಹಭೋಜನದಿಂದ ಮಾತ್ರ ಜಾತಿ ಸಾಯದು, ರಕ್ತ ಬೆರೆಯಬೇಕು ಎಂದು ವಾದಿಸಿದರು. ಉಂಡು ಕೈ ತೊಳೆದ ಮೇಲೆ ಬೀಗತನ ಯಾರ ಜೋಡಿ ಎಂಬುದೇ ನಿಜವಾದ ಪರೀಕ್ಷೆ.

ಇನ್ನೂ ಒಂದು ಬಯಲೂಟ ಇದೆ. ಅದರ ಬಗ್ಗೆ ಯಾರೂ ಪ್ರಬಂಧ ಬರೆಯುವುದಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತ ಕಂಡಿತು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದ ಬಡವರು ಗುಳೆ ಕಂಡರು. ಸುಗ್ಗಿ ಮುಗಿದ ಮೇಲೆ ಗೋವಾ, ಮಂಗಳೂರು, ಬೆಂಗಳೂರಿಗೆ ಹೊರಟ ಕುಟುಂಬಗಳು ಅರ್ಧ ಕಟ್ಟಿದ ಕಟ್ಟಡಗಳ ಕೆಳಗೆ ಸಿಮೆಂಟ್ ಚೀಲ ಹಾಸಿ ಬುತ್ತಿ ಬಿಚ್ಚುತ್ತವೆ. ಇವರೂ ಪರನಾಡ ಕನ್ನಡಿಗರೇ. ಬೇಸಿಗೆ ಅಲ್ಲಿಯವರಿಗೆ ರಜೆ, ಇವರಿಗೆ ಊರು ಬಿಡುವ ಕಾಲ. ಕನ್ನಡದ ಕುಟುಂಬ ಎನ್ನುವಾಗ ಈ ಚೀಲದ ಮೇಲೆ ಕೂತವರು ಲೆಕ್ಕಕ್ಕೆ ಬರುತ್ತಾರೋ ಇಲ್ಲೋ?

ಗೆಳೆಯರೇ, ಹಳ್ಳಿಯ ಮಾಸ್ತರರೇ, ಬರುವ ಎಳ್ಳ ಅಮಾಸಿಗೆ ಶಾಲೆಯಲ್ಲಿ ಚರಗದ ಮೇಲೆ ಪ್ರಬಂಧ ಬರೆಸುತ್ತೀರಿ. ಹೊಲ ಇಲ್ಲದ ಮನೆಯ ಮಗುವಿಗೂ ಹಾಳೆ ಕೊಡಿ. ಅಪ್ಪ ಅವ್ವ ಗುಳೆ ಹೋಗಿ ಅಜ್ಜಿ ಹತ್ತಿರ ಉಳಿದ ಮಗುವಿಗೂ ಕೊಡಿ. ಆ ದಿನ ನೀ ಎಲ್ಲಿ ಉಂಡಿ, ಯಾರ ಜೋಡಿ ಉಂಡಿ ಎಂದು ಬರೆಯಲಿ. ತಿದ್ದಬ್ಯಾಡ್ರಿ. ತರಗತಿಯಲ್ಲಿ ಗಟ್ಟಿಯಾಗಿ ಓದಿಸಿರಿ. ಗೌಡರ ಮನೆಯ ಮಗುವೂ ಅದನ್ನು ಕೂತು ಕೇಳಲಿ.