ಭಾಗೀರಥಿ ತಂದೆಗೆ ಹೇಳಿದ ಸುಳ್ಳು

ಕೆರೆಗೆ ನೀರು ಬರಲೆಂದು ಮನೆಯ ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುವ ಜನಪದ ಹಾಡು ‘ಕೆರೆಗೆ ಹಾರ’. ಅದು ತ್ಯಾಗದ ಹಾಡು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಭಾಗೀರಥಿಯನ್ನು ಬರೀ ಪಿತೃಪ್ರಧಾನ ವ್ಯವಸ್ಥೆಯ ಬಲಿಪಶುವಾಗಿ ಕಾಣುವ ಈಚಿನ ಓದೂ ನನಗೆ ಅರ್ಧ ದಾರಿಯಲ್ಲೇ ನಿಂತಂತೆ ತೋರುತ್ತದೆ. ಒಂದು ಓದು ಅವಳನ್ನು ಪೂಜಿಸುತ್ತದೆ, ಇನ್ನೊಂದು ಅವಳ ಪರ ವಕಾಲತ್ತು ವಹಿಸುತ್ತದೆ. ಅವಳ ಭಯವನ್ನು, ಒಂಟಿತನವನ್ನು ಎರಡೂ ಕೇಳಿಸಿಕೊಳ್ಳುವುದಿಲ್ಲ.

ಹಾಡು ಎಲ್ಲಿ ನಿಧಾನಿಸುತ್ತದೆ ಎಂಬುದನ್ನು ಗಮನಿಸಿ. ಬಲಿಯ ತೀರ್ಮಾನ ನಾಲ್ಕು ಮಾತಿನಲ್ಲಿ ಮುಗಿಯುತ್ತದೆ: ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಕುಂದು, ಕಿರಿಯವಳಾದೀತು. ಹಾಡು ತಡೆದು ನಿಲ್ಲುವುದು ಅವಳು ತವರಿಗೆ ಹೋದಾಗ. ಕಣ್ಣೀರೇಕೆಂದು ತಂದೆ ಕೇಳಿದರೆ ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದು ಸುಳ್ಳು ಹೇಳುತ್ತಾಳೆ. ತಂದೆ ಹೊಲ ಕೊಡುತ್ತೇನೆನ್ನುತ್ತಾನೆ, ತಾಯಿ ಒಡವೆ ಕೊಡುತ್ತೇನೆನ್ನುತ್ತಾಳೆ. ಪ್ರೀತಿಯಿಲ್ಲದವರೇನಲ್ಲ, ಮಗಳ ಭಯಕ್ಕೆ ಅವರಲ್ಲಿರುವ ಮದ್ದೇ ಅಷ್ಟು. ನಿಜ ಹೇಳುವುದು ಗೆಳತಿಗೊಬ್ಬಳಿಗೆ. ಆ ಗೆಳತಿಯೂ ತಾಳಿಕೊ ಎಂದೇ ಬುದ್ಧಿ ಹೇಳುತ್ತಾಳೆ. ಹೇಳಲಾಗದೆ ಒಂಟಿಯಾಗಿದ್ದವಳು ಈಗ ಹೇಳಿಯೂ ಒಂಟಿ. ಅತ್ತೆಮನೆಗೆ ಮರಳಿ ಬೇಳೆ ಹಸನು ಮಾಡುವಾಗ ಕಣ್ಣು ತುಂಬಿದರೆ, ಹರಳು ಬಿತ್ತು ಎನ್ನುತ್ತಾಳೆ. ಅಳುವೇಕೆಂದು ಕೇಳಿದವನು ಮಾವ, ಅವಳನ್ನು ಕೊಡಲು ಒಪ್ಪಿದವನೇ! ಇಡೀ ಹಾಡಿನಲ್ಲಿ ಇಷ್ಟು ಕ್ರೂರವಾದ ಜಾಗ ಮತ್ತೊಂದಿಲ್ಲ, ಅವಳು ಮುಳುಗುವ ಕೆರೆಯ ಮೆಟ್ಟಿಲುಗಳೂ ಸೇರಿ.

ಅವಳು ಪ್ರತಿಭಟಿಸಲಿಲ್ಲ, ಆದ್ದರಿಂದ ಒಪ್ಪಿದ್ದಳು ಎಂಬುದು ತ್ಯಾಗವಾದಿಗಳ ಗಟ್ಟಿ ಆಧಾರ. ಅವಳ ಮೌನವನ್ನು ಹೋಲಿಸಿ ನೋಡಬಹುದು: ಕಟ್ಟಡ ನಿಲ್ಲಲೆಂದು ಹೆಂಗಸನ್ನು ಬಲಿ ಕೊಡುವ ಇಂಥದೇ ಕಥೆ ಯುರೋಪಿನಲ್ಲೂ ಉಂಟು. ಜಾನಪದ ವಿದ್ವಾಂಸ ಅಲನ್ ಡಂಡಿಸ್ 1996ರಲ್ಲಿ ಈ ಬಗೆಯ ಹಾಡುಗಳ ಮೇಲಿನ ಲೇಖನಗಳನ್ನು ಒಂದೆಡೆ ತಂದರು. ಸ್ಕಾದರ್ ಕೋಟೆಯ ಸರ್ಬಿಯನ್ ಹಾಡಿನಲ್ಲಿ, ರೊಮೇನಿಯಾದ ಮನೋಲೆಯ ಹಾಡಿನಲ್ಲಿ ಗೋಡೆಯೊಳಗೆ ಸೇರುವ ಹೆಂಗಸು ಬೇಡಿಕೊಳ್ಳುತ್ತಾಳೆ. ಮರೆತ ಬಟ್ಟಲಿಗಾಗಿ ಕೆರೆಗೆ ಹಿಂತಿರುಗಿದ ಭಾಗೀರಥಿ ಮೆಟ್ಟಿಲೇರಿದಂತೆ ನೀರೂ ಪಾದದಿಂದ ಮೇಲೇರುತ್ತದೆ, ಅವಳು ತುಟಿ ಬಿಚ್ಚುವುದಿಲ್ಲ. ಇದು ಸಮ್ಮತಿಯಲ್ಲ. ಮಾತಾಡುವ ಬಾಗಿಲುಗಳನ್ನೆಲ್ಲ ಅವಳು ಮೊದಲೇ ತಟ್ಟಿ ಬಂದಿದ್ದಾಳೆ.

ನಮಗೆ ಇದು ಕೇಳಿಸದಿರಲು ಕಾರಣವೂ ಇದೆ. ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರದ ಅಡಿಕೆ ತೋಟದವರಾದ ನಾವು ಕೆರೆಯ ಕಡೆಯವರು. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ಬಳಿಕ 2022ರಲ್ಲಿ ಕೋಡಿ ಬಿದ್ದಾಗ ಇಡೀ ಜಿಲ್ಲೆ ಹಬ್ಬ ಮಾಡಿತು. ಬರದ ಸೀಮೆಯವರು ಈ ಹಾಡು ಕೇಳುವಾಗ ಮನಸ್ಸು ತಾನಾಗಿ ತುಂಬಿದ ನೀರಿನತ್ತ ವಾಲುತ್ತದೆ. ‘ತ್ಯಾಗ’ ಎಂಬುದು ನೀರು ಉಂಡವರು ಕೊಟ್ಟ ಹೆಸರು.

ಗಂಡ ಮಾದೇವರಾಯ ಕೆರೆಗೆ ಹಾರುವುದನ್ನು ದಾಂಪತ್ಯದ ಆದರ್ಶವೆಂದು ಹೊಗಳುವುದುಂಟು. ನನಗೆ ಹೆಚ್ಚು ಮುಖ್ಯವಾದದ್ದು ಅದಕ್ಕೂ ಮುಂಚಿನ ಹುಡುಕಾಟ. ಮನೆ, ಅವಳ ತವರು, ಗೆಳತಿಯ ಮನೆ: ಹೆಂಡತಿ ಅಲೆದ ದಾರಿಯಲ್ಲೇ ದಂಡಿನಿಂದ ಬಂದವನೂ ಅಲೆಯುತ್ತಾನೆ, ನಿಜ ಸಿಗುವುದು ಅವನಿಗೂ ಗೆಳತಿಯ ಬಾಗಿಲಲ್ಲೇ. ಈ ಜೋಡಣೆ ಆಕಸ್ಮಿಕವಲ್ಲ. ಕಟ್ಟಿದವರಿಗೆ ತಾವು ಯಾವುದರ ಬಗ್ಗೆ ಹಾಡುತ್ತಿದ್ದೇವೆಂದು ಚೆನ್ನಾಗಿ ಗೊತ್ತಿತ್ತು.

ಈ ಹಾಡನ್ನು ವೇದಿಕೆಗೆ ತರುವವರು ನೀರು ಏರುವಾಗ ವಾದ್ಯದ ಅಬ್ಬರ ಏರಿಸದಿರಲಿ. ಪಾಠ ಮಾಡುವ ಮೇಷ್ಟ್ರುಗಳಲ್ಲೂ ಒಂದು ವಿನಂತಿ: ‘ಭಾಗೀರಥಿಯ ತ್ಯಾಗವನ್ನು ವಿವರಿಸಿ’ ಎಂಬ ಪ್ರಶ್ನೆ ಬಿಟ್ಟುಬಿಡಿ. ತಂದೆಗೆ ಅವಳು ಸುಳ್ಳು ಹೇಳಿದ್ದೇಕೆ ಎಂದು ಮಕ್ಕಳನ್ನು ಕೇಳಿ.